ಕೊರತೆಯ ವರ್ಷದ ಧರ್ಮ

ಲಾಭವನ್ನು ಹಂಚಿಕೊಳ್ಳುವಾಗ ಪಾಲುದಾರರಲ್ಲಿ ವಿರಸ ಹುಟ್ಟುವುದು ವಿರಳ. ನಷ್ಟವನ್ನು ಹಂಚಿಕೊಳ್ಳುವ ಸಂದರ್ಭ ಬಂದಾಗಲೇ ಪಾಲುದಾರಿಕೆಯ ನಿಜಸ್ವರೂಪ ಹೊರಬೀಳುತ್ತದೆ. ಅಂಗಡಿಯಲ್ಲಿ ಕುಳಿತು ಖಾತೆ ಬರೆದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಹಲವು ರಾಜ್ಯಗಳ ಮೂಲಕ ಹರಿಯುವ ನದಿಯ ವಿಷಯದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. ಮಳೆ ಸಮೃದ್ಧವಾದ ವರ್ಷದಲ್ಲಿ ಕಾವೇರಿಯು ಯಾರ ಅಪ್ಪಣೆಗೂ ಕಾಯದೆ ಗಡಿಯನ್ನು ದಾಟಿ ಹೋಗುತ್ತದೆ. ಆಗ ನ್ಯಾಯಾಲಯವೂ ಬೇಕಾಗುವುದಿಲ್ಲ, ಚಳವಳಿಯೂ ಬೇಕಾಗುವುದಿಲ್ಲ. ಮಳೆ ಕೈಕೊಟ್ಟ ವರ್ಷದಲ್ಲಿ ಮಾತ್ರ ‘ನಮ್ಮ ನೀರು’, ‘ಅವರ ನೀರು’ ಎಂಬ ಮಾತುಗಳು ಹುಟ್ಟುತ್ತವೆ. ಅಂತಹ ವರ್ಷದಲ್ಲಿ ಮೇಲಿರುವವನು ಕೆಳಗಿರುವವನಿಗೆ ಏನನ್ನು ಸಲ್ಲಿಸಬೇಕು? ತನ್ನ ಬೆಳೆಯೇ ಒಣಗುತ್ತಿರುವಾಗ ಏಕೆ ಸಲ್ಲಿಸಬೇಕು? ಇದು ರಾಜಕೀಯದ ಪ್ರಶ್ನೆಯಂತೆ ಕಂಡರೂ ಮೂಲತಃ ನೀತಿಯ ಪ್ರಶ್ನೆ. ಆದುದರಿಂದ ಶ್ರಾವಕರಾದ ನಾವು ಇದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಈ ವಿವಾದವು ಮಂಡ್ಯದವರಿಗೂ ತಂಜಾವೂರಿನವರಿಗೂ ಸಂಬಂಧಿಸಿದ್ದು, ನಮಗೇನು ಎಂದು ನಮ್ಮ ವಿರೂಪಾಕ್ಷಿಪುರದ ಸುತ್ತಿನಲ್ಲಿ ಕೆಲವರು ಹೇಳುವುದುಂಟು. ಭೂಗೋಳವು ಇದನ್ನು ಒಪ್ಪುವುದಿಲ್ಲ. ಮಾಗಡಿಯ ಕಡೆ ಹುಟ್ಟುವ ಕಣ್ವ ಹೊಳೆಯು ಚನ್ನಪಟ್ಟಣ ತಾಲೂಕಿನಲ್ಲಿ ಹರಿದು ಶಿಂಷಾ ನದಿಯನ್ನು ಸೇರುತ್ತದೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿದ ಶಿಂಷಾ ಕಾವೇರಿಯನ್ನು ಸೇರುತ್ತದೆ. ಅದಕ್ಕೆ ಇಗ್ಗಲೂರಿನಲ್ಲಿ ಕಟ್ಟಿದ ಬ್ಯಾರೇಜಿನಿಂದ ನೀರೆತ್ತಿ ಚನ್ನಪಟ್ಟಣ ತಾಲೂಕಿನ ಕೆರೆಗಳನ್ನು ತುಂಬಿಸಲಾಗುತ್ತಿದೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯು ರಾಮನಗರವನ್ನು ಹಾದು ಕನಕಪುರ ತಾಲೂಕಿನ ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ಅಲ್ಲಿಂದ ಕೆಳಗೆ ಮೇಕೆದಾಟು, ಮುಂದೆ ಗಡಿಯ ಬಿಳಿಗುಂಡ್ಲು. ತಮಿಳುನಾಡಿಗೆ ಎಷ್ಟು ನೀರು ಹೋಯಿತೆಂದು ಕೇಂದ್ರ ಜಲ ಆಯೋಗವು ಅಳೆಯುವ ಸ್ಥಳ ಅದೇ. ಅಂದರೆ ನಮ್ಮ ಕೆರೆಯ ಕೋಡಿ ಬಿದ್ದ ನೀರೂ, ನಾವು ತಡೆದು ನಿಲ್ಲಿಸಿದ ನೀರೂ ಕಡೆಗೆ ಆ ಲೆಕ್ಕಕ್ಕೇ ಸೇರುತ್ತವೆ.

ಲೆಕ್ಕದ ಪೂರ್ವಚರಿತ್ರೆಯನ್ನು ಸಂಕ್ಷೇಪವಾಗಿ ನೆನೆಯೋಣ. ಮೈಸೂರು ಸಂಸ್ಥಾನಕ್ಕೂ ಮದರಾಸು ಪ್ರಾಂತಕ್ಕೂ 1892ರಲ್ಲಿ ಮೊದಲ ಒಪ್ಪಂದವಾಯಿತು, 1924ರಲ್ಲಿ ಎರಡನೆಯದು. ಕೃಷ್ಣರಾಜಸಾಗರ ಮತ್ತು ಮೆಟ್ಟೂರು ಜಲಾಶಯಗಳು ಆ ಕಾಲದ ಫಲ. 1990ರ ಜೂನ್ ತಿಂಗಳಲ್ಲಿ ನ್ಯಾಯಮಂಡಳಿ ನೇಮಕಗೊಂಡಿತು. 1991ರ ಮಧ್ಯಂತರ ಆದೇಶವು ವರ್ಷಕ್ಕೆ 205 ಟಿ.ಎಂ.ಸಿ. ನೀರು ಬಿಡಬೇಕೆಂದಿತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. 2007ರ ಅಂತಿಮ ತೀರ್ಪು ಕಣಿವೆಯ ಒಟ್ಟು ಇಳುವರಿಯನ್ನು 740 ಟಿ.ಎಂ.ಸಿ. ಎಂದು ಎಣಿಸಿ ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಎಂದು ಹಂಚಿತು. ಪರಿಸರ ರಕ್ಷಣೆಗೆ 10, ಸಮುದ್ರಕ್ಕೆ ಅನಿವಾರ್ಯವಾಗಿ ಹರಿಯುವುದಕ್ಕೆ 4 ಎಂದು ಬಿಟ್ಟಿತು. ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿ 16ರಂದು ಕರ್ನಾಟಕದ ಪಾಲನ್ನು 284.75ಕ್ಕೆ ಏರಿಸಿ, ಬಿಳಿಗುಂಡ್ಲುವಿನಲ್ಲಿ ಸಲ್ಲಬೇಕಾದ ಪ್ರಮಾಣವನ್ನು 192ರಿಂದ 177.25ಕ್ಕೆ ಇಳಿಸಿತು. ಅದೇ ವರ್ಷ ಜೂನ್ ತಿಂಗಳಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರವು ರಚನೆಯಾಯಿತು.

ಆ ತೀರ್ಪಿನ ಅಂಕಿಗಳಿಗಿಂತಲೂ ವಿಚಾರಾರ್ಹವಾದ ಅಂಶವೆಂದರೆ, ಅಂತರರಾಜ್ಯ ನದಿಯು ರಾಷ್ಟ್ರದ ಸ್ವತ್ತು, ಯಾವ ಒಂದು ರಾಜ್ಯವೂ ಅದರ ಒಡೆತನವನ್ನು ಹೇಳಿಕೊಳ್ಳಲಾಗದು ಎಂಬ ನಿಲುವು. ಬಸದಿಗಳ ಆಡಳಿತ ನೋಡಿಕೊಳ್ಳುವ ಧರ್ಮದರ್ಶಿಗಳಿಗೆ ಇದು ಹೊಸದಲ್ಲ. ಭಂಡಾರದ ಬೀಗದ ಕೈ ನಮ್ಮಲ್ಲಿರುತ್ತದೆ, ಆದರೆ ಭಂಡಾರ ನಮ್ಮದಲ್ಲ. ಬೀಗದ ಕೈ ಇರುವುದರಿಂದ ಅಧಿಕಾರ ಹೆಚ್ಚುವುದಿಲ್ಲ, ಲೆಕ್ಕ ಒಪ್ಪಿಸುವ ಹೊಣೆ ಹೆಚ್ಚುತ್ತದೆ. ಅಣೆಕಟ್ಟೆಯ ಬಾಗಿಲು ಯಾರ ಸ್ವಾಧೀನದಲ್ಲಿದೆಯೋ ಅವರ ಸ್ಥಿತಿಯೂ ಇಂಥದೇ. ನೀರು ಮೊದಲು ನಮ್ಮ ನೆಲದಲ್ಲಿ ನಿಲ್ಲುತ್ತದೆ ಎಂಬುದು ಭೂಮಿಯ ಇಳಿಜಾರಿನಿಂದಾದ ಸಂಗತಿ. ಅದರಿಂದ ಯಾವ ಪುಣ್ಯವೂ ಹಕ್ಕೂ ಹುಟ್ಟುವುದಿಲ್ಲ. ಅಪರಿಗ್ರಹವನ್ನು ಮನೆಯ ಚಿನ್ನ, ಹೊಲ, ಹಣಕ್ಕೆ ಮಾತ್ರ ಸೀಮಿತಗೊಳಿಸದೆ ಇಲ್ಲಿಯವರೆಗೂ ವಿಸ್ತರಿಸಿ ನೋಡಿದರೆ ‘ನನ್ನದು’ ಎಂಬ ಮೂರ್ಛೆಯು ಒಂದು ರಾಜ್ಯಕ್ಕೂ ಬರಬಹುದೆಂಬುದು ತಿಳಿಯುತ್ತದೆ.

ಇಲ್ಲಿ ಬಲವಾದ ಆಕ್ಷೇಪವೊಂದಿದೆ. ಅದನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. 1892 ಮತ್ತು 1924ರ ಒಪ್ಪಂದಗಳು ಬ್ರಿಟಿಷ್ ಪ್ರಭುತ್ವದ ನೆರಳಿನಲ್ಲಿ ಆದವು. ಮೈಸೂರು ಆಗ ಸಮಬಲದ ಪಕ್ಷವಾಗಿರಲಿಲ್ಲ. ನಮ್ಮಲ್ಲಿ ನೀರಾವರಿ ತಡವಾಗಿ ಬೆಳೆಯಿತು. ಮೊದಲು ಬಳಸಿದವರಿಗೇ ಹೆಚ್ಚು ಎಂದರೆ ತಡವಾಗಿ ಎದ್ದವನು ಎಂದೆಂದಿಗೂ ಬಡವನಾಗಿಯೇ ಇರಬೇಕೆ? ಇದು ಒಂದು ನಯ. ಕಲ್ಲಣೆಯ ಕಾಲದಿಂದ ಬೇಸಾಯ ಮಾಡಿಕೊಂಡು ಬಂದ ಕೆಳಗಿನ ರೈತನು, ಮೇಲೆ ಒಂದೊಂದಾಗಿ ಅಣೆಕಟ್ಟುಗಳು ಎದ್ದುದರಿಂದ ತನ್ನ ಕುರುವೈ ಬೆಳೆಗೆ ಜೂನ್ ತಿಂಗಳಲ್ಲಿ ನೀರಿಲ್ಲವಾಯಿತೆಂದು ಹೇಳುತ್ತಾನೆ. ಈಶಾನ್ಯ ಮಾರುತದ ಮಳೆ ಅವನಿಗೆ ಬರುವುದು ಅಕ್ಟೋಬರ್ ನಂತರ. ಅಲ್ಲಿಯವರೆಗೆ ಅವನ ಕಣ್ಣು ಮೆಟ್ಟೂರಿನ ಮೇಲೆ, ಮೆಟ್ಟೂರಿನ ಕಣ್ಣು ಕೊಡಗಿನ ಮಳೆಯ ಮೇಲೆ. ಇದು ಮತ್ತೊಂದು ನಯ. ಎರಡೂ ಸತ್ಯ, ಒಂದನ್ನೇ ಪೂರ್ಣಸತ್ಯವೆಂದು ಹಿಡಿಯುವುದು ಏಕಾಂತ. ಅನೇಕಾಂತವೆಂದರೆ ಎಲ್ಲರೂ ಹೇಳಿದ್ದು ಸರಿ ಎಂದು ತಲೆಯಾಡಿಸುವುದಲ್ಲ, ಪ್ರತಿಯೊಂದು ನಯಕ್ಕೂ ಸಲ್ಲಬೇಕಾದ ತೂಕವನ್ನು ಸಲ್ಲಿಸುವುದು. 2018ರಲ್ಲಿ ನಮಗೆ 14.75 ಟಿ.ಎಂ.ಸಿ. ಹೆಚ್ಚಾದುದು ಕೂಗಿನ ಬಲದಿಂದಲ್ಲ. ತಮಿಳುನಾಡಿನ ಅಂತರ್ಜಲದಲ್ಲಿ 10 ಟಿ.ಎಂ.ಸಿ.ಯನ್ನೂ, ಬೆಂಗಳೂರಿನ ಕುಡಿಯುವ ಅಗತ್ಯಕ್ಕೆ 4.75 ಟಿ.ಎಂ.ಸಿ.ಯನ್ನೂ ಲೆಕ್ಕಕ್ಕೆ ತೆಗೆದುಕೊಂಡುದರಿಂದ.

ಇನ್ನು ಮೂಲ ಪ್ರಶ್ನೆಗೆ ಬರೋಣ. ಕೊರತೆಯ ವರ್ಷದಲ್ಲಿ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಇಳಿಯಬೇಕೆಂದು ನ್ಯಾಯಮಂಡಳಿಯೇ ಹೇಳಿದೆ. ಕಣಿವೆಯಲ್ಲಿ ಮುಕ್ಕಾಲು ಪಾಲು ನೀರು ಮಾತ್ರ ಇದ್ದರೆ ಸ್ಥೂಲವಾಗಿ ಪ್ರತಿಯೊಬ್ಬರಿಗೂ ಮುಕ್ಕಾಲು ಪಾಲು, 177.25 ಇದ್ದದ್ದು ಸುಮಾರು 133 ಆಗುತ್ತದೆ. ಕಾಗದದ ಮೇಲೆ ಇದು ಸರಳ. ತೊಡಕೆಂದರೆ, ಸಲ್ಲಿಸಬೇಕಾದದ್ದು ತಿಂಗಳು ತಿಂಗಳಿಗೆ: ಜೂನ್‌ನಲ್ಲಿ 9.19, ಜುಲೈಯಲ್ಲಿ 31.24, ಆಗಸ್ಟ್‌ನಲ್ಲಿ 45.95 ಟಿ.ಎಂ.ಸಿ. ಹೀಗೆ. ವರ್ಷದ ಮಳೆಯೆಷ್ಟು ಎಂಬುದಾದರೋ ವರ್ಷ ಮುಗಿಯುವವರೆಗೂ ಗೊತ್ತಾಗುವುದಿಲ್ಲ. ಖಾತೆ ಮುಗಿಯುವ ಮುನ್ನವೇ ಪಾಲನ್ನು ಕೊಡಬೇಕಾದ ವ್ಯಾಪಾರಿಯ ಇಕ್ಕಟ್ಟು ಇದು. 2023ರ ಆಗಸ್ಟ್ ತಿಂಗಳು 1901ರಿಂದೀಚೆಗೆ ದೇಶದ ಅತ್ಯಂತ ಒಣ ಆಗಸ್ಟ್ ಆಯಿತು. ಸೆಪ್ಟೆಂಬರ್‌ನಲ್ಲಿ 5000 ಕ್ಯುಸೆಕ್ ಬಿಡಬೇಕೆಂಬ ಆದೇಶ ಬಂದಾಗ ರಾಜ್ಯದಲ್ಲಿ ಬಂದ್‌ ನಡೆಯಿತು. ಕಷ್ಟ ಬಂದ ಮೇಲೆ ಕಷ್ಟ ಹಂಚುವ ಸೂತ್ರವನ್ನು ಹುಡುಕಹೊರಟರೆ ಆಗುವುದು ಹೀಗೆಯೇ.

ನಮ್ಮ ಕೆರೆಗಳ ನೀರುಗಂಟಿಗೆ ಈ ವಿವೇಕವಿತ್ತು. ಕೆರೆ ಅರ್ಧ ತುಂಬಿದ ವರ್ಷ ತೂಬಿನ ಹತ್ತಿರದ ಗದ್ದೆಯವನು ಪೂರ್ತಿ ಬೆಳೆದು ಕಡೆಯ ಗದ್ದೆಯವನು ಒಣಗಬೇಕೆಂಬ ನಿಯಮ ಹಳ್ಳಿಯಲ್ಲಿರಲಿಲ್ಲ. ಅಚ್ಚುಕಟ್ಟಿನಲ್ಲಿ ಅಷ್ಟೇ ಭಾಗಕ್ಕೆ ಬೇಸಾಯ, ಅದರಲ್ಲಿ ಎಲ್ಲರಿಗೂ ಪಾಲು ಎಂದು ನಾಟಿಗೆ ಮೊದಲೇ ತೀರ್ಮಾನವಾಗುತ್ತಿತ್ತು. ನಾಟಿಗೆ ಮೊದಲು ಎಂಬುದೇ ಇಲ್ಲಿಯ ಮರ್ಮ. ಪೈರು ಎದ್ದ ಮೇಲೆ ತ್ಯಾಗವನ್ನು ಕೇಳುವುದು ಹಿಂಸೆ. ಬಿತ್ತುವ ಮೊದಲು ಹೇಳುವುದು ವ್ಯವಸ್ಥೆ. ಆದುದರಿಂದ ಕಾವೇರಿಯ ಸಂಕಷ್ಟ ಸೂತ್ರವೂ ತುಂಬಿದ ವರ್ಷದಲ್ಲಿ, ಮನಸ್ಸುಗಳು ತಣ್ಣಗಿರುವಾಗ ನಿಶ್ಚಯವಾಗಬೇಕು. ಜೂನ್, ಜುಲೈ, ಆಗಸ್ಟ್ ಒಂದೊಂದರ ಕೊನೆಯಲ್ಲಿಯೂ ಜಲಾಶಯಗಳ ಒಳಹರಿವನ್ನು ನೋಡಿ ಮುಂದಿನ ತಿಂಗಳ ಪಾಲನ್ನು ಏರಿಳಿಸುವಂತಿರಬೇಕು. ಉಳಿದ ಬಾಕಿಯನ್ನು ಮಳೆ ಬಂದಾಗ ತೀರಿಸುವಂತಿರಬೇಕು. ಹೀಗೆ ನಿಶ್ಚಯವಾದ ಪಾಲನ್ನು ಮೇಲಿನವನು ತನಗೆ ನಷ್ಟವಾದರೂ ಸಲ್ಲಿಸತಕ್ಕದ್ದು; ಕೆಳಗಿನವನು ಇಳಿದ ಪಾಲನ್ನು ದೂರದೆ ಸ್ವೀಕರಿಸತಕ್ಕದ್ದು. ಈ ಎರಡರಲ್ಲಿ ಒಂದು ಮಾತ್ರ ನಡೆದರೆ ಅದು ಪಾಲುದಾರಿಕೆಯಾಗುವುದಿಲ್ಲ.

ಸೂತ್ರವಿದ್ದರೆ ಸಾಲದು, ಅಳತೆಯೂ ಶುದ್ಧವಾಗಿರಬೇಕು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತೂಕ ಅಳತೆಗಳ ಹೆಚ್ಚುಕಡಿಮೆಯನ್ನೂ, ರಾಜ್ಯದ ನಿಯಮವನ್ನು ಮೀರಿ ಪಡೆಯುವುದನ್ನೂ ನಮ್ಮ ಆಚಾರ್ಯರು ಎಣಿಸಿದ್ದಾರೆ. ಕೊಳ್ಳುವಾಗ ಒಂದು ಬಟ್ಟು, ಕೊಡುವಾಗ ಮತ್ತೊಂದು ಬಟ್ಟು ಇಟ್ಟುಕೊಂಡವನು ಕಳ್ಳನಿಗೆ ಸಮಾನ. ತನ್ನ ಜಲಾಶಯದ ಸಂಗ್ರಹವನ್ನು ಕಡಿಮೆ ಮಾಡಿ ತೋರಿಸುವ, ಎದುರು ಪಕ್ಷದ ಸಂಗ್ರಹವನ್ನು ಹೆಚ್ಚು ಮಾಡಿ ಹೇಳುವ ಯಾವ ಸರಕಾರಕ್ಕಾದರೂ ಇದೇ ಮಾತು ಸಲ್ಲುತ್ತದೆ. ತಕ್ಕಡಿಯು ಇಬ್ಬರಿಗೂ ಕಾಣುವಂತೆ ತೂಗಬೇಕು. ಮಳೆ, ಒಳಹರಿವು, ಸಂಗ್ರಹ, ಅಂತರ್ಜಲ, ಬಿತ್ತಿದ ವಿಸ್ತೀರ್ಣ ಇವೆಲ್ಲವೂ ಎರಡೂ ಕಡೆಯ ರೈತರಿಗೆ ಅವರವರ ಭಾಷೆಯಲ್ಲಿ ದಿನದಿನವೂ ತಿಳಿಯುವಂತಾದರೆ ಅರ್ಧ ಸಂಶಯ ತಾನಾಗಿಯೇ ನೀಗುತ್ತದೆ.

ಮೇಲಿರುವವರ ಕರ್ತವ್ಯವನ್ನು ಇಷ್ಟು ಹೇಳಿದ ಬಳಿಕ ನಾವು ಕೆಳಗಿರುವವರೂ ಹೌದೆಂಬುದನ್ನು ಮರೆಯಬಾರದು. ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಿಂದ ಕಾವೇರಿಯ ನೀರನ್ನು ಹಾರೋಹಳ್ಳಿ, ತಾತಗುಣಿಗಳ ಮೂಲಕ ಎತ್ತಿ ಸುಮಾರು ನೂರು ಕಿಲೋಮೀಟರು ದೂರದ ಬೆಂಗಳೂರಿಗೆ ಒಯ್ಯುವ ಯೋಜನೆಯ ಮೊದಲ ಹಂತ 1974ರಲ್ಲಿ, ಐದನೆಯ ಹಂತ 2024ರ ಅಕ್ಟೋಬರ್‌ನಲ್ಲಿ ಕಾರ್ಯಾರಂಭವಾಯಿತು. ನಗರವು ಬಳಸಿದ ನೀರಿನ ಒಂದು ಪಾಲು ವೃಷಭಾವತಿಯಲ್ಲಿ ಕೊಳಚೆಯಾಗಿ ಹರಿದು, ಬಿಡದಿ ಸಮೀಪದ ಬೈರಮಂಗಲ ಕೆರೆಯನ್ನು ಹೊಲಸು ಮಾಡಿ, ಅರ್ಕಾವತಿಗೆ ಸೇರಿ, ಸಂಗಮದಲ್ಲಿ ಮತ್ತೆ ಕಾವೇರಿಯಾಗುತ್ತದೆ. ಆ ಹೊಳೆಯ ದಡದ ನಮ್ಮ ರೈತನು ಬೆಂಗಳೂರಿನ ಮುಂದೆ ನಿಂತು ಹೇಳುವ ಮಾತಿಗೂ, ತಂಜಾವೂರಿನ ರೈತನು ನಮ್ಮ ಮುಂದೆ ನಿಂತು ಹೇಳುವ ಮಾತಿಗೂ ವ್ಯತ್ಯಾಸವಿಲ್ಲ. ಮೊದಲನೆಯದನ್ನು ನ್ಯಾಯವೆಂದು ಕರೆದು ಎರಡನೆಯದನ್ನು ದುರಾಶೆಯೆಂದು ಕರೆಯುವುದಾದರೆ ನಮ್ಮ ಕೈಯಲ್ಲಿಯೂ ಎರಡು ಬಟ್ಟುಗಳಿವೆ ಎಂದಾಯಿತು.

ನೀರನ್ನು ಸೋಸಿ ಕುಡಿಯುವ ನಮ್ಮ ಆಚಾರದಲ್ಲಿ ಇದಕ್ಕೆ ಉತ್ತರವಿದೆ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು ಎಲ್ಲೆಂದರಲ್ಲಿ ಕೊಡವದೆ, ನೀರು ಸೇದಿದ ಅದೇ ಬಾವಿಗೆ ಮೆಲ್ಲನೆ ಇಳಿಸಬೇಕೆಂದು ಹಿರಿಯರು ವಿಧಿಸಿದರು. ನೀರನ್ನು ತೆಗೆದುಕೊಂಡವನಿಗೆ ಮೂಲದ ಹೊಣೆಯೂ ಸೇರಿಯೇ ಬರುತ್ತದೆಂಬುದು ಇದರ ತಾತ್ಪರ್ಯ. ಯೂರೋಪಿನ ರೈನ್ ನದಿಯ ದೇಶಗಳು 1950ರಲ್ಲಿ ಆಯೋಗವನ್ನು ರಚಿಸಿಕೊಂಡದ್ದು ನೀರಿನ ಪ್ರಮಾಣಕ್ಕಾಗಿ ಅಲ್ಲ, ಶುದ್ಧಿಗಾಗಿ. 1986ರಲ್ಲಿ ಬಾಸೆಲ್ ಬಳಿಯ ರಾಸಾಯನಿಕ ಉಗ್ರಾಣಕ್ಕೆ ಬೆಂಕಿ ಬಿದ್ದು ವಿಷವು ನದಿಗಿಳಿದ ಮೇಲೆ ಅವರು ಎಚ್ಚರವನ್ನು ಇಮ್ಮಡಿಸಿದರು. ಕಾವೇರಿಯ ಜಗಳ ಇಷ್ಟು ವರ್ಷ ಎಷ್ಟು ಎಂಬುದರ ಸುತ್ತಲೇ ಸುತ್ತಿದೆ. ಎಂಥದು ಎಂಬುದನ್ನು ಕೇಳಿದವರು ಕಡಿಮೆ.

ಕೊರತೆಯ ಭಾರವು ರಾಜ್ಯದೊಳಗೆ ಯಾರ ಮೇಲೆ ಬೀಳುತ್ತದೆಂಬುದನ್ನೂ ನೋಡಬೇಕು. ಬಿಡುಗಡೆಯ ಆದೇಶ ಬಂದಾಗ ನಿಲ್ಲುವುದು ರೈತನ ನಾಲೆ; ನಗರದ ಕೈತೋಟವಲ್ಲ. ಕುಡಿಯುವ ನೀರಿಗೆ ಮೊದಲ ಆದ್ಯತೆ ಎಂಬುದು ನಿರ್ವಿವಾದ, ಆದರೆ ವಾಹನ ತೊಳೆಯುವುದು ಕುಡಿಯುವುದಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆದರೆ 5000 ರೂಪಾಯಿ ದಂಡವೆಂದು ಸಾರಬೇಕಾಯಿತು. ದಂಡದ ಭಯವಿಲ್ಲದೆಯೇ ಮಾಡಬೇಕಾದುದನ್ನು ನಮ್ಮಲ್ಲಿ ಅನರ್ಥದಂಡವಿರತಿ ಎನ್ನುತ್ತೇವೆ.

ಧರ್ಮಬಂಧುಗಳು ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಬಸದಿಗಳ ಟ್ರಸ್ಟುಗಳು ವರ್ಷದ ಆಯವ್ಯಯದ ಜೊತೆಗೆ ಬಾವಿ, ಕೊಳವೆಬಾವಿ, ಕೊಳಾಯಿಗಳಿಂದ ಬಳಸಿದ ನೀರಿನ ಲೆಕ್ಕವನ್ನೂ ಸಭೆಯ ಮುಂದಿಡಲಿ. ಛಾವಣಿಯ ಮಳೆನೀರನ್ನು ಇಂಗಿಸಲಿ. ಭೋಜನಶಾಲೆಯ ಕೊಳಚೆ ಹಳ್ಳಕ್ಕೆ ಹೋಗದಂತೆ ನೋಡಿಕೊಳ್ಳಲಿ. 1991ರ ಡಿಸೆಂಬರ್ ಮತ್ತು 2016ರ ಸೆಪ್ಟೆಂಬರ್‌ಗಳಲ್ಲಿ ನೀರಿನ ಹೆಸರಿನಲ್ಲಿ ನೆರೆಯವರ ಮೇಲೆ ಕೈಯೆತ್ತಿದ್ದನ್ನು ಕಂಡಿದ್ದೇವೆ. ಅಂತಹ ದಿನಗಳಲ್ಲಿ ವಾಕ್ಸಂಯಮವೇ ದೊಡ್ಡ ಅಹಿಂಸೆ. 2003ರಲ್ಲಿ ಎರಡೂ ರಾಜ್ಯಗಳ ರೈತರು ‘ಕಾವೇರಿ ಕುಟುಂಬ’ ಎಂದು ಕೂಡಿ ಪರಸ್ಪರರ ಹೊಲಗಳನ್ನು ಕಂಡು ಬಂದರು. ಅದು ಅಂತಿಮ ಒಪ್ಪಂದದಲ್ಲಿ ಮುಗಿಯದಿದ್ದರೂ, ಎದುರಿಗಿರುವವನೂ ಬರಗಾಲ ಕಂಡ ಬೇಸಾಯಗಾರನೇ ಎಂಬುದನ್ನು ತೋರಿಸಿಕೊಟ್ಟಿತು. ತಂಜಾವೂರು, ಕುಂಭಕೋಣ, ದೀಪಂಗುಡಿಗಳಲ್ಲಿ ನಮ್ಮ ತಮಿಳು ಸಾಧರ್ಮಿಗಳ ಜಿನಾಲಯಗಳಿವೆ. ಮುಂದಿನ ತೀರ್ಥಯಾತ್ರೆಯಲ್ಲಿ ಅಲ್ಲಿಗೆ ಹೋದವರು ದರ್ಶನ ಮುಗಿಸಿ ಹೊರಟುಬಿಡದೆ, ಈ ವರ್ಷ ನಾಲೆಗೆ ನೀರು ಯಾವ ತಿಂಗಳು ಬಂತೆಂದು ಅಲ್ಲಿಯ ಹಿರಿಯರನ್ನು ಕೇಳಿ ಬರಲಿ. ಬಂದು ಇಲ್ಲಿಯವರಿಗೆ ತಿಳಿಸಲಿ.