‘ಹೊರತು’ ಎಂಬ ವಿನಾಯಿತಿ

ಪ್ರಾರ್ಥನೆಗೆ ಬಿಡುವೇ ಇರಬಾರದು ಎಂದು ಪೌಲನು ಥೆಸಲೋನಿಕದ ಸಭೆಗೆ ಬರೆದ. ಆ ಸಭೆಯಲ್ಲಿದ್ದವರು ಸನ್ಯಾಸಿಗಳಲ್ಲ, ದುಡಿದು ಉಣ್ಣುವ ಜನ. ಅವರವರ ಕೈಯಾರೆ ದುಡಿಯಬೇಕು ಎಂಬ ಮಾತೂ ಅದೇ ಪತ್ರದಲ್ಲಿ, ಒಂದು ಅಧ್ಯಾಯ ಹಿಂದೆಯೇ ಇದೆ. ಎರಡೂ ಅಪ್ಪಣೆಗಳು ಒಬ್ಬರಿಗೇ. ಆದರೂ ಓದಿದವರಲ್ಲಿ ಬಹಳಷ್ಟು ಮಂದಿ ಮೊದಲನೆಯದನ್ನು ಮಠದವರಿಗೆ ಬಿಟ್ಟು, ಎರಡನೆಯದನ್ನು ಮಾತ್ರ ತಮ್ಮದೆಂದುಕೊಂಡರು. ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದು ರಾತ್ರಿ ಪಾಳಿಗೆ ಹೋಗುವ ಹುಡುಗಿ, ನಸುಕಿನಲ್ಲಿ ಸಾರಕ್ಕಿ ಮಾರುಕಟ್ಟೆಗೆ ಸೊಪ್ಪು ತರುವವರು, ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡ ಕ್ಯಾಬ್ ಚಾಲಕ, ಇವರಲ್ಲಿ ಕ್ರೈಸ್ತರಾದವರಿಗೆ ಭಾನುವಾರದ ಬಲಿಪೂಜೆಯೋ ಆರಾಧನೆಯೋ ಒಂದು ಗಂಟೆಯಷ್ಟು. ವಾರದಲ್ಲಿ ಉಳಿದ 167 ಗಂಟೆ ದೇವರ ಸನ್ನಿಧಿಗೆ ಸೇರಿದ್ದೋ ಅಲ್ಲವೋ? ಸೇರಿದ್ದು ಎಂದು ನಾನು ನಂಬುತ್ತೇನೆ. ಆದರೆ ಹೇಗೆ ಎನ್ನುವಲ್ಲಿ ಸುಲಭವಾದ ಉತ್ತರಗಳು ಹಲವು ಇವೆ, ಅವು ನಿಲ್ಲುವುದಿಲ್ಲ.

ಬಿಟಿಎಂ ಲೇಔಟಿನ ಮಗ್ಗುಲಲ್ಲೇ, ಹೊಸೂರು ರಸ್ತೆಯಲ್ಲಿ, ಧರ್ಮಾರಾಮ್ ಕಾಲೇಜು ಇದೆ. ಕೇರಳದ ಮಾನ್ನಾನಂನಲ್ಲಿ 1831ರಲ್ಲಿ ಮೊದಲಾದ ಸಿಎಂಐ ಎಂಬ ಕಥೋಲಿಕ ಸನ್ಯಾಸಿ ಸಭೆಯವರು 1957ರಲ್ಲಿ ತಮ್ಮ ಗುರುಮಠವನ್ನು ಇಲ್ಲಿಗೆ ತಂದರು. ಇವರದು ಕಾರ್ಮೆಲ್ ಪರಂಪರೆ. ಆ ಪರಂಪರೆಯ ಮೂಲನಿಯಮವನ್ನು 13ನೆಯ ಶತಮಾನದ ಆದಿಯಲ್ಲಿ ಜೆರುಸಲೇಮಿನ ಆಲ್ಬರ್ಟ್ ಬರೆದುಕೊಟ್ಟರು. ಪ್ರತಿಯೊಬ್ಬನೂ ತನ್ನ ಕೋಣೆಯಲ್ಲೋ ಅದರ ಹತ್ತಿರವೋ ಇದ್ದು ಹಗಲಿರುಳು ದೇವರ ಧರ್ಮವನ್ನು ಧ್ಯಾನಿಸಬೇಕು, ನ್ಯಾಯವಾದ ಬೇರೆ ಕೆಲಸವಿದ್ದರೆ ಹೊರತು, ಎಂಬುದು ಅದರ ಹೃದಯ. ಆ ‘ಹೊರತು’ ಕರುಣೆಯಿಂದ ಕೊಟ್ಟ ವಿನಾಯಿತಿ, ಕೆಲಸದವನ ಮೇಲೆ ಹೊರಲಾರದ ಹೊರೆ ಹಾಕಬಾರದೆಂದು. ಆದರೆ ಕೆಲಸ ಬೇರೆ, ಧ್ಯಾನ ಬೇರೆ ಎಂಬ ಗೆರೆಯೂ ಅದರೊಳಗೇ ಎಳೆದುಕೊಂಡಿತು. ನಾಲ್ಕು ಶತಮಾನ ಕಳೆದ ಮೇಲೆ ಅದೇ ಪರಂಪರೆಯ ಒಬ್ಬ ಅಡುಗೆಯವನು ಆ ಗೆರೆಯನ್ನು ಅಳಿಸಿದ.

ಲೊರೇನ್ ಪ್ರಾಂತದಲ್ಲಿ ಸುಮಾರು 1614ರಲ್ಲಿ ಹುಟ್ಟಿದ ನಿಕೋಲಾ ಎರ್ಮಾನ್ ಸಿಪಾಯಿಯಾಗಿದ್ದು, ಯುದ್ಧದಲ್ಲಿ ಗಾಯಗೊಂಡು ಕುಂಟನಾದವನು. 1640ರಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠ ಸೇರಿ ಸಹೋದರ ಲಾರೆನ್ಸ್ ಆದ. ಗುರುಪಟ್ಟವಿಲ್ಲ, ಪಾಂಡಿತ್ಯವಿಲ್ಲ. ಕೊಟ್ಟ ಕೆಲಸ ಅಡುಗೆಮನೆಯದು, ಅದೂ ಅವನಿಗೆ ಸ್ವಭಾವತಃ ಒಗ್ಗದ್ದು. ವರ್ಷಗಟ್ಟಲೆ ಅಲ್ಲಿ ದುಡಿದ. ದ್ರಾಕ್ಷಾರಸ ಕೊಳ್ಳಲು ದೂರದ ಊರಿಗೆ ಕಳಿಸಿದಾಗ ಕಾಲು ಸ್ವಾಧೀನವಿಲ್ಲದೆ ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡು ಓಡಾಡಿದ. ಪಾತ್ರೆಗಳ ಸದ್ದಿನ ನಡುವೆಯೂ ಪರಮಪ್ರಸಾದದ ಮುಂದೆ ಮೊಣಕಾಲೂರಿದಾಗಿನಷ್ಟೇ ಸಮಾಧಾನ ತನಗಿದೆ ಎನ್ನುತ್ತಿದ್ದ. 1691ರಲ್ಲಿ ಅವನು ತೀರಿಕೊಂಡ ಮೇಲೆ ಜೋಸೆಫ್ ದ ಬೋಫೋರ್ ಎಂಬ ಗುರು ಅವನ ಮಾತುಗಳನ್ನೂ ಪತ್ರಗಳನ್ನೂ ಕೂಡಿಸಿ ಅಚ್ಚು ಹಾಕಿಸದಿದ್ದರೆ ನಮಗೆ ಅವನ ಹೆಸರೂ ತಿಳಿಯುತ್ತಿರಲಿಲ್ಲ. ನನ್ನ ವಾದಕ್ಕೆ ಇವನೇ ಮುಖ್ಯ ಸಾಕ್ಷಿ. ಬಿಡುವಿದ್ದವನ, ಇಷ್ಟದ ಕೆಲಸ ಸಿಕ್ಕವನ ಅನುಭವವಾಗಿದ್ದರೆ ಅದು ಇಷ್ಟು ತೂಗುತ್ತಿರಲಿಲ್ಲ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಮನಸ್ಸು ಒಂದು ಹೊತ್ತಿಗೆ ಒಂದನ್ನೇ ಹಿಡಿಯಬಲ್ಲದು. ಸೇಂಟ್ ಜಾನ್ಸ್ ಆಸ್ಪತ್ರೆಯ ಶಸ್ತ್ರಚಿಕಿತ್ಸಕರು ಕತ್ತರಿ ಹಿಡಿದಿರುವಾಗ ದೇವರನ್ನು ನೆನೆಯುತ್ತ ಕೂತರೆ ರೋಗಿಯ ಗತಿಯೇನು? ಈ ಆಕ್ಷೇಪ ಸರಿಯಾದದ್ದೇ. ಸನ್ನಿಧಿಯ ಅರಿವೆಂದರೆ ಕೆಲಸದ ಪಕ್ಕದಲ್ಲಿ ಓಡುವ ಇನ್ನೊಂದು ಆಲೋಚನೆ ಎಂದುಕೊಂಡರೆ ಅದು ಕೆಲಸವನ್ನೂ ಕೆಡಿಸುತ್ತದೆ, ಪ್ರಾರ್ಥನೆಯನ್ನೂ ಕೆಡಿಸುತ್ತದೆ. ಆದರೆ ಅರಿವಿಗೆ ಇನ್ನೊಂದು ಬಗೆಯಿದೆ. ಸಂಗೀತ ಬಲ್ಲವರಿಗೆ ಅದು ಗೊತ್ತು. ಹಾಡುವವರು ತಂಬೂರಿಯ ಶ್ರುತಿಯನ್ನು ಬೇರೆಯಾಗಿ ಕೇಳುತ್ತ ಕೂರುವುದಿಲ್ಲ. ಗಮನವೆಲ್ಲ ರಾಗದ ಮೇಲೆ, ಸಾಹಿತ್ಯದ ಮೇಲೆ. ಆದರೂ ಸ್ವರ ಒಂದಿಷ್ಟು ಜಾರಿದರೆ ತಕ್ಷಣ ಗೊತ್ತಾಗುತ್ತದೆ, ಏಕೆಂದರೆ ಹಾಡೆಲ್ಲ ಶ್ರುತಿಯೊಳಗೇ ಇದೆ. ಲಾರೆನ್ಸನ ಅರಿವು ಈ ಬಗೆಯದು. ಶಸ್ತ್ರಚಿಕಿತ್ಸಕರ ಪ್ರಾರ್ಥನೆ ಆ ಹೊತ್ತಿನಲ್ಲಿ ರೋಗಿಯ ಮೇಲಿನ ಅವರ ಗಮನವೇ. ಫ್ರೆಂಚ್ ಚಿಂತಕಿ ಸಿಮೋನ್ ವೇಲ್ 1942ರಲ್ಲಿ ಶಾಲೆಯ ಓದಿನ ಬಗ್ಗೆ ಬರೆದ ಪ್ರಬಂಧದಲ್ಲಿ ಇದನ್ನೇ ಇನ್ನಷ್ಟು ಮುಂದಕ್ಕೆ ಒಯ್ದು, ಗಮನವೇ ಪ್ರಾರ್ಥನೆಯ ಸತ್ವ ಎಂದು ವಾದಿಸಿದರು. ಒಂದು ರೇಖಾಗಣಿತದ ಲೆಕ್ಕಕ್ಕೆ ಪ್ರಾಮಾಣಿಕವಾಗಿ ಮನಸ್ಸು ಕೊಟ್ಟವನು, ಲೆಕ್ಕ ಬಿಡಿಸಲಾಗದೆ ಹೋದರೂ, ಬೇರೊಂದು ಕಡೆ ಬೆಳೆದಿರುತ್ತಾನೆ.

ಮರೆತಾಗ ಏನು ಮಾಡಬೇಕು ಎಂಬುದಕ್ಕೆ ಲಾರೆನ್ಸ್ ಕೊಟ್ಟ ಉತ್ತರ ನನಗೆ ಅವನ ಬೇರೆಲ್ಲ ಮಾತಿಗಿಂತ ದೊಡ್ಡದಾಗಿ ಕಾಣುತ್ತದೆ. ಮರೆತೆನೆಂದು ಒಪ್ಪಿಕೊಂಡು, ತನ್ನನ್ನು ತಾನು ಬೈದುಕೊಳ್ಳದೆ, ಹಿಂತಿರುಗುವುದು, ಅಷ್ಟೆ. ಇದರ ಬೆಲೆ ತಿಳಿಯಬೇಕಾದರೆ ಫ್ರಾಂಕ್ ಲಾಬಕ್ ಅವರನ್ನು ಹತ್ತಿರವಿಟ್ಟು ನೋಡಬೇಕು. ಫಿಲಿಪ್ಪೀನ್ಸಿನ ಮಿಂಡನಾವೊದಲ್ಲಿದ್ದ ಈ ಅಮೆರಿಕನ್ ಮಿಷನರಿ 1930ರಲ್ಲಿ ತಂದೆಗೆ ಬರೆದ ಪತ್ರಗಳು ಪ್ರಸಿದ್ಧ. ಮುಂದೆ ಅವರು ನಿಮಿಷಕ್ಕೆ ಒಂದು ಸೆಕೆಂಡಾದರೂ ದೇವರ ನೆನಪು ಬರಬೇಕೆಂದು ಒಂದು ಆಟವನ್ನೇ ರೂಪಿಸಿ, ಎಷ್ಟು ನಿಮಿಷ ಗೆದ್ದೆವು ಎಂದು ಎಣಿಸಲು ಕಲಿಸಿದರು. ಅವರ ಹಸಿವು ನಿಜ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಎಣಿಕೆ ಶುರುವಾದ ಕ್ಷಣವೇ ಕಣ್ಣು ದೇವರಿಂದ ತನ್ನ ಕಡೆಗೆ ಹೊರಳುತ್ತದೆ. ಹೆಜ್ಜೆ ಎಣಿಸುವ, ನಿದ್ದೆ ಅಳೆಯುವ ಗಡಿಯಾರ ಕಟ್ಟಿಕೊಂಡು ಜಯನಗರದ ಉದ್ಯಾನಗಳಲ್ಲಿ ನಡೆಯುವ ಈ ಕಾಲದಲ್ಲಿ ಆ ಅಪಾಯ ಹೆಚ್ಚಿದೆ. ಭಕ್ತಿಯೂ ಅಂಥದೇ ಒಂದು ಅಂಕಿಯಾದರೆ ಅದರಲ್ಲಿ ಗೆಲ್ಲುವವನು ನಾನು, ಸೋಲುವವನೂ ನಾನು. ಎದುರಿಗೆ ಯಾರೂ ಇರುವುದಿಲ್ಲ.

ಎದುರಿಗೆ ಒಬ್ಬರಿದ್ದಾರೆ ಎನ್ನುವಲ್ಲೇ ಸನ್ನಿಧಿಯ ಅರಿವಿಗೂ ಇಂದು ಆ್ಯಪುಗಳಲ್ಲಿ ಸಿಗುವ ಮನೋನಿಗ್ರಹದ ಅಭ್ಯಾಸಗಳಿಗೂ ಇರುವ ಅಂತರ. ಉಸಿರನ್ನು ಗಮನಿಸುವುದು ಒಳ್ಳೆಯದೇ, ಅದು ಮನಸ್ಸನ್ನು ತಿಳಿಗೊಳಿಸುತ್ತದೆ. ಕ್ರೈಸ್ತನ ಅರಿವಿಗೆ ಮಾತ್ರ ಸಂಬೋಧನೆ ಬೇಕು. ಕನ್ನಡದಲ್ಲಿ ಈ ಸಂಬೋಧನೆ ಒಂದು ಕುತೂಹಲದ ತಿರುವು ಪಡೆದಿದೆ. ಯೇಸು ಕಲಿಸಿದ ಪ್ರಾರ್ಥನೆಯನ್ನು ಪ್ರಾಟೆಸ್ಟೆಂಟ್ ಕನ್ನಡಿಗರು ತಂದೆಗೆ ‘ನಿನ್ನ’ ಎಂದು ಹೇಳುತ್ತಾರೆ, ಕಥೋಲಿಕ ಕನ್ನಡಿಗರು ‘ನಿಮ್ಮ’ ಎಂದು. ಹೀಬ್ರೂ, ಗ್ರೀಕ್ ಭಾಷೆಗಳು ಈ ಆಯ್ಕೆಯನ್ನು ಕೇಳುವುದೇ ಇಲ್ಲ, ಕನ್ನಡ ಕೇಳುತ್ತದೆ. ‘ನೀನು’ ಎನ್ನುವಲ್ಲಿ ತಾಯಿಯ ಮುಂದಿನ ಸಲಿಗೆ, ದಾಸರೂ ಶರಣರೂ ದೇವರಿಗೆ ಆಡಿದ ಸಲಿಗೆ. ‘ನೀವು’ ಎನ್ನುವಲ್ಲಿ ಮನೆಯ ಹಿರಿಯರು ಒಳಗೆ ಬಂದಾಗ ನಾವಾಗಿ ಎದ್ದು ನಿಲ್ಲುವ ಮರ್ಯಾದೆ. ಸನ್ನಿಧಿಯಲ್ಲಿ ಬಾಳುವವರಿಗೆ ಎರಡೂ ಬೇಕು. ಬರಿಯ ಸಲಿಗೆಯಾದರೆ ದೇವರು ನಮ್ಮ ಮನಸ್ಸಿನ ಪ್ರತಿಧ್ವನಿಯಾಗಿಬಿಡುತ್ತಾನೆ. ಬರಿಯ ಮರ್ಯಾದೆಯಾದರೆ ಭಾನುವಾರದ ಅತಿಥಿಯಾಗಿ ಉಳಿಯುತ್ತಾನೆ.

ಹಾಗಿದ್ದರೆ ಕೆಲಸದ ನಡುವಿನ ಈ ಅರಿವು ಶರಣರ ಕಾಯಕ, ದಾಸರ ಸ್ಮರಣೆಗಳಿಂದ ಎರವಲು ತಂದದ್ದೇ ಎಂದು ಕೆಲವರು ಕೇಳಬಹುದು. ಎರವಲಲ್ಲ, ಆದರೆ ನೆರೆಮನೆಯ ಬೆಳಕನ್ನು ಕಂಡು ಕಣ್ಣು ಮುಚ್ಚಿಕೊಳ್ಳುವ ಅಗತ್ಯವೂ ಇಲ್ಲ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1850ರಲ್ಲೇ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದ್ದರು. ಶರಣ ಆಯ್ದಕ್ಕಿ ಮಾರಯ್ಯನ ಕಥೆಯಂತೂ ಕ್ರೈಸ್ತನಿಗೆ ನೇರ ಪಾಠ. ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಆತ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಅಲ್ಲೇ ಸುರಿದು ಬರಲು ಕಳಿಸಿದಳು. ಎಚ್ಚರ ಇದ್ದದ್ದು ಅವಳ ಕೈ ಅಳತೆಯಲ್ಲಿ. ಎಷ್ಟು ಸಾಕು ಎಂಬುದು ಗೊತ್ತಿಲ್ಲದವನು ದಿನವಿಡೀ ದೇವರ ಹೆಸರು ಹೇಳಿದರೂ ಯಾರ ಮುಂದೆ ನಿಂತಿದ್ದೇನೆಂಬುದನ್ನು ಮರೆತಿದ್ದಾನೆ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ. ಕೆಲಸದಲ್ಲೇ ದೇವರಿದ್ದಾನೆ ಎಂಬ ಬೋಧನೆ ಯಾರಿಗೆ ಅನುಕೂಲ? ನಸುಕಿನಲ್ಲಿ ಬನಶಂಕರಿಯ ಬೀದಿ ಗುಡಿಸುವ ಪೌರಕಾರ್ಮಿಕ ಮಹಿಳೆಗೆ ಪೊರಕೆಯಲ್ಲಿ ದೇವರನ್ನು ಕಾಣು ಎನ್ನುವುದು, ಕೈಗವಸು ಕೊಡದವರಿಗೂ ಸಂಬಳ ತಡಮಾಡಿದವರಿಗೂ ನೆಮ್ಮದಿಯ ಮಾತು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಉಪನ್ಯಾಸದಿಂದ ದಲಿತ ದೈವಶಾಸ್ತ್ರ ಹೊರಟಿತೆಂದು ಹೇಳುತ್ತಾರೆ. ಭಾರತದ ಕ್ರೈಸ್ತ ಚಿಂತನೆ ಮೇಲ್ಜಾತಿಯ ಆಧ್ಯಾತ್ಮಿಕ ಪರಿಭಾಷೆಯಲ್ಲೇ ಮುಳುಗಿ, ಸಭೆಯಲ್ಲಿ ಬಹುಸಂಖ್ಯಾತರಾದ ದಲಿತರ ನೋವನ್ನು ಕಾಣಲಿಲ್ಲ ಎಂಬ ಅವರ ಪಂಥದ ದೂರು ಇಂಥ ಬರಹಗಳಿಗೂ ತಟ್ಟಬೇಕು, ಈ ಬರಹಕ್ಕೂ. ಹಾಗಾಗಿ ಈ ಬೋಧನೆ ಮೊದಲು ಸಲ್ಲಬೇಕಾದದ್ದು ಗುಡಿಸುವವರಿಗಲ್ಲ, ಗುಡಿಸಿಸಿಕೊಳ್ಳುವವರಿಗೆ. ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಅರಸನು ಹಸಿದವನಾಗಿ, ಬಟ್ಟೆಯಿಲ್ಲದವನಾಗಿ, ಸೆರೆಯಲ್ಲಿದ್ದವನಾಗಿ ಬಂದಿರುತ್ತಾನೆ. ಸನ್ನಿಧಿ ಇರುವುದು ಪೊರಕೆಯಲ್ಲಲ್ಲ, ಅದನ್ನು ಹಿಡಿದವಳಲ್ಲಿ. ಗೇಟಿನ ಹೊರಗೆ ಕಸ ಬಿಸಾಡಿ ಬಾಗಿಲು ಹಾಕಿಕೊಂಡು ಜಪಸರ ಹಿಡಿದವರು ಆಗತಾನೇ ಸನ್ನಿಧಿಯಿಂದ ಹೊರಟುಬಂದಿದ್ದಾರೆ.

ಅದೇ ಅಧ್ಯಾಯ ನನ್ನ ವಾದಕ್ಕೂ ಒಂದು ಪೆಟ್ಟು ಕೊಡುತ್ತದೆ, ಅದನ್ನು ಮುಚ್ಚಿಡಲಾರೆ. ಅಲ್ಲಿ ಹೊಗಳಿಕೆ ಪಡೆದವರಿಗೆ ಅರಸನ ಅರಿವೇ ಇರಲಿಲ್ಲ. ನಿಮ್ಮನ್ನು ಯಾವಾಗ ಕಂಡೆವು ಎಂದು ಅವರೇ ಬೆರಗಾಗಿ ಕೇಳುತ್ತಾರೆ. ಅರಿವಿಲ್ಲದೆಯೇ ನಡೆದುಹೋದರೆ ಅರಿವಿನ ಅಭ್ಯಾಸ ಏಕೆ? ನನಗೆ ತೋಚುವ ಉತ್ತರ ಇಷ್ಟು: ನೆನಪು ಬರುವುದಕ್ಕೆ ಮುಂಚೆ ಕೈ ಚಾಚುವವರ ಕೈ ಒಂದೇ ದಿನದಲ್ಲಿ ಹಾಗೆ ಪಳಗಿರುವುದಿಲ್ಲ. ಶ್ರುತಿ ಹಿಡಿದವರು ಶ್ರುತಿಯ ಬಗ್ಗೆ ಯೋಚಿಸುವುದಿಲ್ಲ, ಆದರೆ ಎಂದೋ ವರ್ಷಗಟ್ಟಲೆ ತಂಬೂರಿಯ ಮುಂದೆ ಕೂತಿರುತ್ತಾರೆ. ಬೆಳಗಿನ ಮೌನ, ಊಟಕ್ಕೆ ಮುಂಚಿನ ಒಂದು ಮಾತು, ಯೇಸುಸಭೆಯ ಸಂತ ಇಗ್ನೇಷಿಯಸ್ ಕಲಿಸಿದಂತೆ ದಿನದ ಕೊನೆಗೆ ಆ ದಿನವನ್ನು ದೇವರ ಮುಂದೆ ತಿರುವಿಹಾಕುವುದು, ಇವೆಲ್ಲ ಆ ಕೂರುವಿಕೆ. ಕೋಣೆಯ ಧ್ಯಾನ ಬೇಡವೆಂದು ಲಾರೆನ್ಸನೂ ಹೇಳಲಿಲ್ಲ.

ಯೇಸುವೇ ಅಡುಗೆಮನೆಯ ಮಾರ್ತಾಳನ್ನು ಬಿಟ್ಟು, ಕಾಲ ಬಳಿ ಕೂತ ಮರಿಯಳನ್ನು ಮೆಚ್ಚಲಿಲ್ಲವೆ ಎಂದು ಕೇಳುವವರು ಲೂಕನ ಶುಭಸಂದೇಶದ 10ನೆಯ ಅಧ್ಯಾಯದಲ್ಲೇ ನಿಂತುಬಿಡುತ್ತಾರೆ. ಯೇಸು ತಿದ್ದಿದ್ದು ಮಾರ್ತಾಳ ಅಡುಗೆಯನ್ನಲ್ಲ. ಅವಳ ತಳಮಳವನ್ನು, ತಂಗಿಯ ಮೇಲಿನ ದೂರನ್ನು. ಯೋವಾನ್ನನ ಶುಭಸಂದೇಶದಲ್ಲಿ, ಅವರ ಸಹೋದರ ಲಾಜರನು ಸಮಾಧಿಯಿಂದ ಎದ್ದುಬಂದ ನಂತರ, ಬೆಥಾನಿಯದಲ್ಲಿ ಮತ್ತೊಂದು ಊಟವಿದೆ. ಯೇಸುವಿನ ಸಾವಿಗೆ ಆಗ ಕೆಲವೇ ದಿನ ಉಳಿದಿವೆ. ಮರಿಯ ಸುಗಂಧತೈಲ ತಂದು ಯೇಸುವಿನ ಪಾದಕ್ಕೆ ಸುರಿಯುತ್ತಾಳೆ. ಅಂದೂ ಬಡಿಸುತ್ತಿದ್ದವಳು ಮಾರ್ತಾಳೇ. ತಂಗಿಯ ಮೇಲೆ ಅವಳ ದೂರು ಈ ಸಲ ಇಲ್ಲ.