ಸೋಮವಾರ ಏನು ಹಾಕಿಕೊಳ್ಳಲಿ

ನೇಮಕಾತಿ ಪತ್ರದಲ್ಲಿ ಎಲ್ಲವನ್ನೂ ಬಿಡಿಸಿ ಬರೆದಿರುತ್ತಾರೆ. ಮೂಲವೇತನ ಎಷ್ಟು, ಮನೆಬಾಡಿಗೆ ಭತ್ಯೆ ಎಷ್ಟು, ಭವಿಷ್ಯನಿಧಿಗೆ ಎಷ್ಟು ಹಿಡಿಯುತ್ತಾರೆ, ಕೆಲಸ ಬಿಡುವುದಾದರೆ ಎಷ್ಟು ದಿನ ಮೊದಲು ತಿಳಿಸಬೇಕು. ಕಡೆಗೆ ಒಂದು ಸಾಲು: ಉಡುಪು, ಬಿಸಿನೆಸ್ ಕ್ಯಾಶುವಲ್. ಅದಕ್ಕೆ ವಿವರಣೆಯಿಲ್ಲ, ಪಟ್ಟಿಯಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಮಾತೇ ಎಂಬಂತೆ ಆ ಸಾಲು ಅಲ್ಲಿ ಕೂತಿರುತ್ತದೆ.

ಬೆಳಗಿನ ಈ ಏಳು ಗಂಟೆಯ ಹೊತ್ತಿನಲ್ಲಿ ಮಾರತ್ತಹಳ್ಳಿ, ಬಿಟಿಎಂ ಬಡಾವಣೆ, ಎಲೆಕ್ಟ್ರಾನಿಕ್ ಸಿಟಿಯ ಪಿಜಿ ಕೋಣೆಗಳಲ್ಲಿ ಆ ಒಂದು ಸಾಲನ್ನು ನೆನೆಯುತ್ತಾ ಹ್ಯಾಂಗರುಗಳ ಮುಂದೆ ನಿಂತ ಹುಡುಗ ಹುಡುಗಿಯರು ನನ್ನ ಕಣ್ಣಿಗೆ ಕಟ್ಟುತ್ತಾರೆ. ಗದಗ, ಚಳ್ಳಕೆರೆ, ಸಿಂಧನೂರುಗಳಿಂದ ಬಂದವರು. ಹಗಲು ರಾತ್ರಿ ಓದಿ ಪರೀಕ್ಷೆ ದಾಟಿದ್ದಾರೆ, ಇಂಗ್ಲಿಷಿನಲ್ಲಿ ಸಂದರ್ಶನ ಗೆದ್ದಿದ್ದಾರೆ. ಈಗ ಅವರನ್ನು ತಡೆದು ನಿಲ್ಲಿಸಿರುವುದು ಒಂದು ಅಂಗಿ.

ನನ್ನ ತಂಗಿಯ ಮಗಳು ಕೆಲಸಕ್ಕೆ ಸೇರುವ ಹಿಂದಿನ ಶನಿವಾರ ಫೋನ್ ಮಾಡಿದ್ದಳು. "ದೊಡ್ಡವ್ವ, ಸೋಮವಾರ ಏನ ಹಾಕ್ಕೊಂಡ ಹೋಗಲಿ? ಯಾರನ್ನ ಕೇಳಬೇಕೋ ತಿಳೀವಲ್ದು. ಕೇಳಿದ್ರ, ಇಷ್ಟೂ ಗೊತ್ತಿಲ್ಲೇನ ಈಕಿಗೆ ಅಂತಾರ."

ಆ ಕೊನೆಯ ಮಾತು ನನ್ನನ್ನು ಬಿಟ್ಟಿಲ್ಲ. ಬಟ್ಟೆಯಿಲ್ಲವೆಂದು ಅವಳು ಅಳುಕಿರಲಿಲ್ಲ, ಬಟ್ಟೆ ಪೇಟೆಯಲ್ಲಿ ಸಿಗುತ್ತದೆ. ಕೇಳಲು ಅಳುಕಿದ್ದಳು. ತಂದೆ ತಾಯಿ ಇಂಥ ಕಚೇರಿಗಳಿಗೆ ಹೋಗಿ ಬರುವ ಮನೆಯಲ್ಲಿ ಮಕ್ಕಳು ಇದನ್ನು ಕೇಳದೆಯೇ ಕಲಿತುಬಿಡುತ್ತಾರೆ. ಅಪ್ಪ ಬೆಲ್ಟ್ ಬಿಗಿಯುವುದನ್ನು, ಅಮ್ಮ ದುಪಟ್ಟಾಕ್ಕೆ ಪಿನ್ನು ಹಾಕುವುದನ್ನು ದಿನವೂ ನೋಡುತ್ತಲೇ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಕಾಲರು ಕೂರಿಸುವ ತಾಯಿಗೆ ಆ ಅಂಗಿಯ ಒಂದೊಂದು ಹೊಲಿಗೆಯೂ ಗೊತ್ತು. ಅದನ್ನು ತೊಟ್ಟುಕೊಂಡು ಹೋಗುವ ಕಚೇರಿಯನ್ನು ಮಾತ್ರ ಅವಳು ಕಂಡಿಲ್ಲ. ಮಗಳಿಗೆ ಏನೆಂದು ಹೇಳಿಯಾಳು?

ಹಾಗಾದರೆ ಗೊತ್ತಿದ್ದವರಿಗೆ ಇದು ಗೊತ್ತಾದದ್ದು ಹೇಗೆ? ಈ ಕಥೆ ನನಗೆ ತುಂಬ ಸಮಾಧಾನ ಕೊಟ್ಟಿದೆ, ಅದಕ್ಕೇ ಹೇಳುತ್ತೇನೆ. ಹವಾಯಿ ದ್ವೀಪಗಳಲ್ಲಿ ಬಿಸಿಲು, ಕಡಲ ಗಾಳಿ. ಅಂಥ ಕಡೆ ಕೋಟು ಟೈ ಯಾಕೆ, ಶುಕ್ರವಾರವಾದರೂ ಹೂವಿನ ಚಿತ್ತಾರದ ಅಂಗಿ ತೊಡಲು ಬಿಡಿ ಎಂದು ಅಲ್ಲಿನ ಉಡುಪು ತಯಾರಕರು ಕಚೇರಿಗಳನ್ನು ಒಪ್ಪಿಸತೊಡಗಿದರು. 1966ರಲ್ಲಿ 'ಅಲೋಹಾ ಶುಕ್ರವಾರ' ಶುರುವಾಯಿತು. ಆ ಪದ್ಧತಿ ಮೆಲ್ಲಗೆ ಅಮೆರಿಕದ ಮುಖ್ಯ ಭೂಭಾಗಕ್ಕೂ ದಾಟಿತು. 1990ರ ದಶಕದ ಆರಂಭದ ಹೊತ್ತಿಗೆ ಕೋಟು ಬೇಡವೆಂದ ಕಚೇರಿಗಳು ಹೆಚ್ಚಾದವು. ಕೋಟು ಬೇಡ, ಸರಿ, ಹಾಗಾದರೆ ಏನು ಬೇಕು? ಅದು ಅಲ್ಲಿ ಹುಟ್ಟಿ ಬೆಳೆದವರಿಗೇ ತಿಳಿಯಲಿಲ್ಲ. 1992ರಲ್ಲಿ ಲೀವೈಸ್ ಕಂಪನಿ ಎಂಟು ಪುಟಗಳ ಒಂದು ಕೈಪಿಡಿ ಅಚ್ಚು ಹಾಕಿಸಿ ಅಮೆರಿಕದ ಸುಮಾರು 25,000 ಮಂದಿ ಮಾನವ ಸಂಪನ್ಮೂಲ ಅಧಿಕಾರಿಗಳಿಗೆ ಕಳಿಸಿತು. ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಚಿತ್ರ ಸಹಿತ ತೋರಿಸಿತು. 1986ರಲ್ಲಿ ತಾನೇ ಮಾರುಕಟ್ಟೆಗೆ ತಂದಿದ್ದ ಡಾಕರ್ಸ್ ಎಂಬ ಹತ್ತಿ ಪ್ಯಾಂಟುಗಳೂ ಆ ಚಿತ್ರಗಳಲ್ಲಿದ್ದವು.

ಅಂದರೆ ಇಷ್ಟೆಲ್ಲ ಅಳುಕು ಹುಟ್ಟಿಸುವ ಈ ನಿಯಮಕ್ಕೆ ಹೆಚ್ಚು ವಯಸ್ಸಾಗಿಲ್ಲ. ಅದರ ಮೂಲಗ್ರಂಥ ಬಟ್ಟೆ ಮಾರುವವರು ಬರೆದ ಎಂಟು ಪುಟ. ಆ ದೇಶದ ದೊಡ್ಡ ದೊಡ್ಡ ಅಧಿಕಾರಿಗಳೂ ಅದನ್ನು ಓದಿಯೇ ಕಲಿತರು. ಗದಗದ ಹುಡುಗಿ ಕೇಳಿ ಕಲಿತರೆ ಅದರಲ್ಲಿ ನಾಚಿಕೆಪಡುವುದೇನಿದೆ?

ಆ ಡಾಕರ್ಸ್ ಪ್ಯಾಂಟಿನ ಖಾಕಿ ಬಣ್ಣದ ಕಥೆಯಂತೂ ನಮ್ಮ ಮಂಗಳೂರಿನವರೆಗೂ ಬರುತ್ತದೆ. ವಾಯವ್ಯ ಗಡಿಯ ಸೈನಿಕರು 1840ರ ದಶಕದಲ್ಲೇ ಬಟ್ಟೆಯನ್ನು ಮಣ್ಣಿನ ಬಣ್ಣಕ್ಕೆ ತಿರುಗಿಸಿಕೊಂಡಿದ್ದರು. ಬಲ್ಮಠದಲ್ಲಿದ್ದ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ 1850ರ ದಶಕದಲ್ಲಿ ಖಾಕಿ ಬಣ್ಣವನ್ನು ಹದಗೊಳಿಸಿದ ಹೆಸರು ಜಾನ್ ಹಾಲರ್ ಎಂಬ ನೇಕಾರನಿಗೆ ಸಲ್ಲುತ್ತದೆ. ಪೊಲೀಸರು, ಅಂಚೆಯವರು, ಬಸ್ಸಿನವರು ಎಲ್ಲರೂ ಆ ಬಣ್ಣ ತೊಟ್ಟರು. ಎರಡನೇ ಮಹಾಯುದ್ಧ ಮುಗಿಸಿ ಬಂದ ಅಮೆರಿಕದ ಸೈನಿಕರು ಅದೇ ಪ್ಯಾಂಟಿನಲ್ಲಿ ಕಾಲೇಜಿಗೆ ಹೋದರು, ಮುಂದೆ ಅದು ಕಚೇರಿಗೂ ಹೊಕ್ಕಿತು. ಇವತ್ತು ಹೊರವರ್ತುಲ ರಸ್ತೆಯ ಒಂದೇ ಆಟೋದಲ್ಲಿ ಮುಂದೆ ಖಾಕಿ ಅಂಗಿಯ ಚಾಲಕ, ಹಿಂದೆ ಖಾಕಿ ಚೀನೋಸ್ ತೊಟ್ಟ ಮ್ಯಾನೇಜರ್ ಕೂತಿರುತ್ತಾರೆ. ಒಬ್ಬರಿಗೆ ಅದು ಸಮವಸ್ತ್ರ, ತೊಡದಿದ್ದರೆ ದಂಡ. ಇನ್ನೊಬ್ಬರಿಗೆ ಅದು ಸಲಿಗೆ. ಬಟ್ಟೆಗೆ ತನ್ನದೇ ಆದ ಮೇಲು ಕೀಳು ಇಲ್ಲವೆನ್ನಲು ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಸಮವಸ್ತ್ರ ಎಂದಾಗ ಇನ್ನೊಂದು ವಿಚಾರ ಬರುತ್ತದೆ. ಅದನ್ನು ನಾವು ಕಟ್ಟುಪಾಡು ಎಂದು ಬೈಯುತ್ತೇವೆ. ಅದರಲ್ಲೊಂದು ಕರುಣೆಯೂ ಇದೆ. ಸರ್ಕಾರಿ ಶಾಲೆಯಲ್ಲಿ ವಿದ್ಯಾವಿಕಾಸ ಯೋಜನೆಯ ಬಟ್ಟೆ ತೊಟ್ಟು ಬೆಳೆದ ಮಗು ಹತ್ತನೆಯ ತರಗತಿಯವರೆಗೆ ಏನು ಹಾಕಿಕೊಳ್ಳಲಿ ಎಂದು ಯಾರನ್ನೂ ಕೇಳಬೇಕಾಗುವುದಿಲ್ಲ. ಇನ್ಫೋಸಿಸ್‌ನಲ್ಲಿ ಒಂದು ಕಾಲಕ್ಕೆ ವಾರದ ಕೆಲವು ದಿನ ಟೈ ಕಟ್ಟಲೇಬೇಕಿತ್ತು. 2015ರ ಜೂನ್‌ನಿಂದ ಎಲ್ಲ ದಿನವೂ ಬಿಸಿನೆಸ್ ಕ್ಯಾಶುವಲ್ ಆಗಬಹುದೆಂದಾಗ ಅನೇಕರಿಗೆ ಕುತ್ತಿಗೆ ಹಗುರಾಯಿತು. ಒಳ್ಳೆಯದೇ ಆಯಿತು, ನಮ್ಮ ಹವೆಗೆ ಟೈ ಹೊಂದುವಂಥದ್ದಲ್ಲ. ಆದರೆ ಟೈ ಕಾಲದಲ್ಲಿ ನಿಯಮ ಬಾಯಿಬಿಟ್ಟು ಮಾತಾಡುತ್ತಿತ್ತು. ಒಂದು ಟೈ ಕೊಂಡವರೆಲ್ಲ ಆ ದಿನದ ಮಟ್ಟಿಗೆ ಸಮಾನರು. ಕಚೇರಿಗಳಲ್ಲಿ ಸಡಿಲಿಕೆ ಬಂದ ಮೇಲೆ ನಿಯಮ ಹೋಗಲಿಲ್ಲ, ಮೂಕವಾಯಿತು. ಮೂಕ ನಿಯಮದ ಭಾರವೆಲ್ಲ ಹೊಸಬರ ತಲೆಯ ಮೇಲೆ ಬೀಳುತ್ತದೆ.

ಆ ಭಾರ ಬರೀ ಕಲ್ಪನೆ ಎನ್ನುವವರಿಗೆ 2024ರ ಜುಲೈ ನೆನಪಿರಲಿ. ಹಾವೇರಿ ಜಿಲ್ಲೆಯ ಹಿರಿಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡಲು ಬೆಂಗಳೂರಿನ ಮಾಲೊಂದಕ್ಕೆ ಹೋದಾಗ ಪಂಚೆ ಉಟ್ಟಿದ್ದಾರೆಂದು ಅವರನ್ನು ಬಾಗಿಲಲ್ಲೇ ತಡೆದರು. ಜನ ಸಿಟ್ಟಿಗೆದ್ದರು, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಲು ಮುಂದಾಯಿತು. ಕಚೇರಿಯ ಬಾಗಿಲಲ್ಲಿ ಹಾಗೆ ಯಾರೂ ತಡೆಯುವುದಿಲ್ಲ. ಒಳಗೆ ಬಂದ ಮೇಲೆ ಅಡಿಯಿಂದ ಮುಡಿಯವರೆಗೆ ಒಂದು ಸಲ ಕಣ್ಣಾಡಿಸುತ್ತಾರೆ. ಅದಕ್ಕೆ ದೂರು ಕೊಡಲು ಬರುವುದಿಲ್ಲ.

ನನ್ನ ತಂಗಿಯ ಮಗಳಿಗೆ ನಾನು ಹೇಳಿದ್ದು ಇಷ್ಟು. ಮೊದಲನೆಯ ವಾರ ಒಂದು ಮೆಟ್ಟಿಲು ಮೇಲೆಯೇ ಇರು. ಮೊಣಕಾಲು ದಾಟುವ ಹತ್ತಿಯ ಕುರ್ತಾ, ತಿಳಿಬಣ್ಣದ್ದೋ ಸಣ್ಣ ಚಿತ್ತಾರದ್ದೋ, ಕೆಳಗೆ ನೆಟ್ಟಗೆ ಇಳಿಯುವ ಪ್ಯಾಂಟು. ಮದುವೆಗೆ ಹೊಲಿಸಿದ್ದನ್ನು ಮನೆಯಲ್ಲೇ ಬಿಡು. ಅವಳ ಜೊತೆ ಸೇರುತ್ತಿದ್ದ ಹುಡುಗನಿಗೂ ಹೇಳು ಎಂದು ಸೇರಿಸಿದೆ: ಕಾಲರಿನ ತುಂಬುತೋಳಿನ ಅಂಗಿ, ಕಪ್ಪು ನೀಲಿ ಇಲ್ಲವೇ ಖಾಕಿಯ ಹತ್ತಿ ಪ್ಯಾಂಟು, ಬೆಲ್ಟು, ಕಾಲು ಮುಚ್ಚುವ ಶೂ. ನಾಲ್ಕು ಅಂಗಿ, ಎರಡು ಪ್ಯಾಂಟಿದ್ದರೆ ವಾರ ದಾಟುತ್ತದೆ, ಯಾರೂ ಲೆಕ್ಕ ಇಡುವುದಿಲ್ಲ. ಜೀನ್ಸ್ ವಿಚಾರ ಎರಡನೇ ವಾರಕ್ಕಿರಲಿ. ನಿನ್ನ ಟೀಮ್ ಲೀಡ್ ಏನು ತೊಡುತ್ತಾರೆ ನೋಡು, ಅವರನ್ನೇ ಕೇಳು. ಕೇಳಿದರೆ ಯಾರೂ ಕೆಳಗಾಗುವುದಿಲ್ಲ.

ಬಟ್ಟೆಯ ಬೆಲೆಗಿಂತ ಅಳತೆ ಮುಖ್ಯ ಎಂದು ನಾನು ದೃಢವಾಗಿ ನಂಬಿದ್ದೇನೆ. ಭುಜದ ಹೊಲಿಗೆ ಭುಜದ ತುದಿಗೇ ಬಂದು ಕೂತರೆ ಚಿಕ್ಕಪೇಟೆಯ ಅಗ್ಗದ ಅಂಗಿಯೂ ಒಪ್ಪುತ್ತದೆ. ಎರಡಂಗುಲ ಜಾರಿದರೆ ದುಬಾರಿ ಅಂಗಿಯೂ ಬೇರೆಯವರದ್ದು ಎನಿಸುತ್ತದೆ. ಬೀದಿ ಟೈಲರ್ ಹತ್ತಿರ ಸೊಂಟ ಹಿಡಿಸಿ, ಪ್ಯಾಂಟಿನ ಅಂಚು ಮಡಿಸಿ ಹೊಲಿಸಿಕೊಳ್ಳಬೇಕು. ಪಿಜಿಗಳ ಬೋರ್‌ವೆಲ್ ನೀರಿಗೆ ಬಿಳಿ ಅಂಗಿ ಬೇಗ ಹಳದಿ ತಿರುಗುತ್ತದೆ, ಆದ್ದರಿಂದ ತಿಳಿನೀಲಿ ಮೇಲು. ಬಸ್ಸಿನಲ್ಲಿ ನಿಂತು ಹೋಗುವವರಿಗೆ ಲಿನನ್ ಬೇಡ, ಇಳಿಯುವಷ್ಟರಲ್ಲಿ ಮುದುಡಿಹೋಗಿರುತ್ತದೆ. ಎಸಿ ಚಳಿಗೆ ಕುರ್ಚಿಯ ಬೆನ್ನಿಗೊಂದು ಸ್ವೆಟರ್ ಇಟ್ಟಿರಬೇಕು. ಬೀದಿ ಮೂಲೆಯ ಇಸ್ತ್ರಿ ಗಾಡಿಯವರಿಗೆ ಭಾನುವಾರವೇ ವಾರದ ಬಟ್ಟೆ ಕೊಟ್ಟುಬಿಟ್ಟರೆ ಬೆಳಗಿನ ಧಾವಂತವೇ ಇರುವುದಿಲ್ಲ. ಒಗೆದು, ಇಸ್ತ್ರಿ ಮಾಡಿ, ಮೈಗೆ ಸರಿಯಾಗಿ ಕೂತ ಬಟ್ಟೆ ತೊಟ್ಟ ಮೇಲೆ ಅದರ ನೆನಪು ಸಂಜೆಯವರೆಗೆ ಬರಬಾರದು. ಗಮನ ಕೆಲಸದ ಮೇಲಿರಬೇಕು.

"ಅವ್ವನ ಇಳಕಲ್ ಸೀರಿ ಉಟ್ಟರ ನಡೀತೈತೇನು?" ಎಂದೂ ಅವಳು ಕೇಳಿದ್ದಳು. ಖಂಡಿತ ನಡೆಯುತ್ತದೆ. ಒಡಲಿನ ನೂಲಿಗೆ ರೇಷ್ಮೆ ಸೆರಗಿನ ನೂಲನ್ನು ಕುಣಿಕೆ ಹಾಕಿ ಕೂಡಿಸಿ ನೇಯ್ದ ಆ ಸೀರೆ, ಜೊತೆಗೆ ಗುಳೇದಗುಡ್ಡದ ಖಣದ ಕುಪ್ಪಸ, ಯಾವ ಸಭೆಯಲ್ಲೂ ತಲೆಯೆತ್ತಿ ಕೂರುವಂಥದ್ದು. ಸಾಗರದ ಬಳಿಯ ಭೀಮನಕೋಣೆಯಲ್ಲಿ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಅಡಿಕೆ ಚೊಗರಿನಲ್ಲಿ ಬಣ್ಣ ಅದ್ದಿದ ಕೈಮಗ್ಗದ ಬಟ್ಟೆಯ ಅಂಗಿಗಳೂ ಹಾಗೆಯೇ. 2020ರ ಡಿಸೆಂಬರಿನಲ್ಲಿ ಮಹಾರಾಷ್ಟ್ರ ಸರ್ಕಾರ ತನ್ನ ನೌಕರರಿಗೆ ಜೀನ್ಸ್, ಟೀ ಶರ್ಟ್ ಬೇಡವೆಂದ ಆದೇಶದಲ್ಲೇ ಶುಕ್ರವಾರ ಖಾದಿ ತೊಡಿ ಎಂದೂ ಹೇಳಿತ್ತು. ನಿಷೇಧ ಸರಿಯೋ ತಪ್ಪೋ, ಅಂತೂ ಆ ಆದೇಶದಲ್ಲಿ ಏನು ತೊಡಬೇಕೆಂಬುದು ಬಾಯಿಬಿಟ್ಟು ಬರೆದಿತ್ತು. ಹವಾಯಿಯವರು ತಮ್ಮ ಬಿಸಿಲಿಗೆ ತಕ್ಕ ಅಂಗಿಯನ್ನು ಕಚೇರಿಗೆ ಕರೆತಂದಂತೆ ನಾವೂ ನಮ್ಮ ಮಗ್ಗದ ಹತ್ತಿಯನ್ನು ಕರೆತರಬಹುದು. ಆದರೆ ಅದನ್ನು ಮೊದಲು ಮಾಡಬೇಕಾದವರು ಹತ್ತು ಹದಿನೈದು ವರ್ಷ ಬೇರೂರಿದ ಹಿರಿಯರು. ಆ ಧೈರ್ಯವನ್ನು ಮೊದಲ ದಿನದ ಹುಡುಗಿಯಿಂದ ನಿರೀಕ್ಷಿಸುವುದು ನ್ಯಾಯವಲ್ಲ.

ಆ ಹಿರಿಯರಲ್ಲಿ, ನೇಮಕಾತಿ ಪತ್ರ ಬರೆಯುವವರಲ್ಲಿ ನನ್ನದೊಂದು ಕೋರಿಕೆ. ಆ ಎರಡು ಪದಗಳ ಸಾಲು ತೆಗೆದು, ಐದು ನಿಮಿಷ ಕೂತು, ನಾಲ್ಕಾರು ಸಾಲು ಬರೆಯಿರಿ. ನನ್ನ ಕೈಗೆ ಕೊಟ್ಟರೆ ಹೀಗೆ ಬರೆಯುತ್ತೇನೆ:

"ಮೊದಲ ದಿನ ಕಾಲರಿನ ಅಂಗಿ ಮತ್ತು ಪ್ಯಾಂಟು, ಅಥವಾ ಕುರ್ತಾ, ಚೂಡಿದಾರ, ಸೀರೆ, ಯಾವುದು ನಿಮಗೆ ರೂಢಿಯೋ ಅದನ್ನು ತೊಟ್ಟು ಬನ್ನಿ. ಹೊಸದಾಗಿರಬೇಕಿಲ್ಲ, ಒಗೆದು ಇಸ್ತ್ರಿ ಮಾಡಿದ್ದರೆ ಸಾಕು. ಶುಕ್ರವಾರ ಜೀನ್ಸ್ ಆಗುತ್ತದೆ. ಬರ್ಮುಡಾ, ಹವಾಯಿ ಚಪ್ಪಲಿ ಬೇಡ. ಹೊರಗಿನವರ ಜೊತೆ ಮೀಟಿಂಗ್ ಇದ್ದರೆ ಹಿಂದಿನ ದಿನವೇ ತಿಳಿಸುತ್ತೇವೆ. ನಮ್ಮ ಮಹಡಿಯಲ್ಲಿ ಎಸಿ ಸ್ವಲ್ಪ ಹೆಚ್ಚು, ಒಂದು ಸ್ವೆಟರ್ ಜೊತೆಗಿರಲಿ. ಮೊದಲ ಸಂಬಳ ಬರುವ ತನಕ ಹೊಸ ಬಟ್ಟೆಗೆಂದು ದುಡ್ಡು ಹಾಕಬೇಡಿ. ಏನಾದರೂ ಅನುಮಾನವಿದ್ದರೆ ಕೆಳಗಿನ ನಂಬರಿಗೆ ಫೋನ್ ಮಾಡಿ. ಭಾನುವಾರ ಸಂಜೆಯೂ ಎತ್ತುತ್ತೇವೆ."