ಗರಿ ಒಣಗಿದಾಗ ಯಾರನ್ನು ದೂರುವುದು?



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ತೆಂಗು ಬರೀ ಮರವಲ್ಲ. ಮಗಳ ಮದುವೆ, ಮಗನ ಓದು, ಸಾಲದ ಕಂತು ಎಲ್ಲವೂ ಅದರ ಮೇಲೆಯೇ ನಿಂತಿವೆ. ನೆಟ್ಟ ಸಸಿ ಫಲಕ್ಕೆ ಬರಲು ಆರೇಳು ವರ್ಷ ಬೇಕು. ಕಾಯಿ ಅಟ್ಟ ಸೇರಿದ ಮೇಲೆ ಉಂಡೆ ಕೊಬ್ಬರಿಯಾಗಲು ಮತ್ತೆ ಹತ್ತು ಹನ್ನೊಂದು ತಿಂಗಳು. ಇಷ್ಟೆಲ್ಲ ಕಾದವನ ತೋಟಕ್ಕೇ ಕೇಡು ಬಂದರೆ? 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಪೀಡೆ ಬಳಿಕ ನಮ್ಮ ತೋಟಗಳಿಗೂ ಹಬ್ಬಿತು. ಕಪ್ಪು ತಲೆ ಹುಳು ಬಿದ್ದ ತೋಟವಂತೂ ಬೆಂಕಿ ತಗುಲಿದಂತೆ ಕಾಣುತ್ತದೆ. ಆಗ ಮನಸ್ಸು ಕೇಳುತ್ತದೆ: ಕರುಣಾಳುವಾದ ದೇವನ ಜಗತ್ತಿನಲ್ಲಿ ಈ ಕೇಡು ಎಲ್ಲಿಂದ ಬಂತು?

ಈ ಪ್ರಶ್ನೆ ಹೊಸದಲ್ಲ. ಎರಡು ಪ್ರಾಚೀನ ಧರ್ಮಗಳು ಇದಕ್ಕೆ ಎರಡು ಬಗೆಯ ಉತ್ತರ ನೀಡಿವೆ. ಒಂದು ಜರತುಷ್ಟ್ರನ ಅನುಯಾಯಿಗಳಾದ ಪಾರ್ಸಿಗಳ ಧರ್ಮ, ಇನ್ನೊಂದು ಯಹೂದಿ ಧರ್ಮ. ಇವರಿಬ್ಬರೂ ನಮಗೆ ತೀರಾ ದೂರದವರಲ್ಲ. ಬೆಂಗಳೂರಿನ ಕ್ವೀನ್ಸ್ ರಸ್ತೆಯಲ್ಲಿ ಪಾರ್ಸಿಗಳ ಅಗ್ನಿ ಮಂದಿರವಿದೆ. ಮೈಸೂರು ರಸ್ತೆಯಲ್ಲಿ ಯಹೂದಿಯರ ದಫನ ಭೂಮಿಯಿದೆ.

ಪಾರ್ಸಿಗಳ ಗ್ರಂಥಗಳ ಪ್ರಕಾರ ಅಹುರ ಮಜ್ದಾ ಪರಮ ಜ್ಞಾನಿ. ಅವನಿಂದ ಒಳಿತಲ್ಲದೆ ಬೇರೇನೂ ಬರುವುದಿಲ್ಲ. ಕೇಡೆಲ್ಲವೂ ಅವನ ಎದುರಾಳಿಯಾದ ಅಹ್ರಿಮನ್‌ನಿಂದ. ಮೊದಲ ಸಸ್ಯವನ್ನು ಒಣಗಿಸಿದವನೂ, ಪೀಡಕ ಕ್ರಿಮಿಕೀಟಗಳನ್ನು ಜಗತ್ತಿಗೆ ತಂದವನೂ ಅವನೇ ಎಂದು ಅವರ ಹಳೆಯ ಪುಸ್ತಕಗಳು ಹೇಳುತ್ತವೆ. ಮನುಷ್ಯನು ಒಳ್ಳೆಯ ವಿಚಾರ, ಒಳ್ಳೆಯ ಮಾತು, ಒಳ್ಳೆಯ ಕೃತಿಗಳಿಂದ ಈ ಹೋರಾಟದಲ್ಲಿ ಒಳಿತಿನ ಪಕ್ಷ ವಹಿಸಬೇಕು. ಕೊನೆಗೆ ಅಹ್ರಿಮನ್ ಸೋತು ಲೋಕ ಪರಿಶುದ್ಧವಾಗುತ್ತದೆ.

ಯಹೂದಿಯರ ಉತ್ತರ ಬೇರೆ. ದೇವನು ಒಬ್ಬನೇ, ಅವನಿಗೆ ಎದುರಾಳಿಯಾಗಿ ಎರಡನೆಯ ಶಕ್ತಿಯಿಲ್ಲ. ಪಾರಸಿಕ ದೊರೆ ಸೈರಸ್ ಕ್ರಿ.ಪೂ. 539ರಲ್ಲಿ ಬಾಬಿಲೋನನ್ನು ಗೆದ್ದು, ಅಲ್ಲಿ ಸೆರೆಯಲ್ಲಿದ್ದ ಯಹೂದಿಯರಿಗೆ ಊರಿಗೆ ಮರಳಲು ಅನುಮತಿ ಕೊಟ್ಟನು. ಆ ದೊರೆಯನ್ನೇ ಸಂಬೋಧಿಸುವ ಯೆಶಾಯನ ಗ್ರಂಥದ 45ನೇ ಅಧ್ಯಾಯವು, ಬೆಳಕನ್ನೂ ಕತ್ತಲನ್ನೂ ಉಂಟುಮಾಡುವವನು ಒಬ್ಬನೇ ಎಂದು ಸಾರುತ್ತದೆ. ಇನ್ನು ಸೈತಾನ? ಯೋಬನ ಗ್ರಂಥದಲ್ಲಿ ಅವನು ದೇವನ ಅನುಮತಿಯಿಲ್ಲದೆ ಒಂದು ಹೆಜ್ಜೆಯನ್ನೂ ಇಡಲಾರ. ಎರಡು ಧರ್ಮಗಳ ನಡುವಿನ ಗೆರೆ ಇಲ್ಲಿಯೇ ಇದೆ: ಅಹ್ರಿಮನ್ ಎದುರಾಳಿ, ಈ ಸೈತಾನ ಅಧೀನ.

ಎರಡು ಉತ್ತರಗಳಿಗೂ ಅದರದರ ಬೆಲೆಯಿದೆ. ಮೊದಲನೆಯದು ಕೇಡಿನ ಕಳಂಕದಿಂದ ದೇವನನ್ನು ಪಾರುಮಾಡುತ್ತದೆ, ಆದರೆ ಅವನ ಅಧಿಕಾರಕ್ಕೆ ಕೊನೆಯ ದಿನದವರೆಗೂ ಒಂದು ಗಡಿ ಹಾಕುತ್ತದೆ. ಅಹ್ರಿಮನ್ ದೇವನಿಗೆ ಸಮಾನನಲ್ಲ ಎನ್ನುವ ಪಾರ್ಸಿಗಳು ಇಂದು ಅನೇಕರಿದ್ದಾರೆಂಬುದನ್ನೂ ನಾವು ಮರೆಯಬಾರದು. ಎರಡನೆಯದು ಎಲ್ಲವನ್ನೂ ಒಬ್ಬನ ಕೈಯಲ್ಲೇ ಬಿಡುತ್ತದೆ, ಆದರೆ ‘ಏಕೆ?’ ಎಂಬ ಪ್ರಶ್ನೆಯನ್ನು ಮನುಷ್ಯನ ಹೆಗಲಿಗೇ ಹೊರಿಸುತ್ತದೆ.

ಆ ಹೊರೆಯನ್ನು ಹೊತ್ತವರು ಯೋಬರು, ನಾವು ಹ. ಅಯ್ಯೂಬ್(ಅ) ಎಂದು ಕರೆಯುವ ಸಹನೆಯ ಪ್ರತಿರೂಪ. ಯಹೂದಿ ಗ್ರಂಥದಲ್ಲಿ ಅವರನ್ನು ಕಾಣಲು ಬಂದ ಸ್ನೇಹಿತರು, ‘ನೀನು ಪಾಪ ಮಾಡಿರಬೇಕು, ಅದಕ್ಕೇ ಈ ಶಿಕ್ಷೆ’ ಎಂದು ವಾದಿಸುತ್ತಾರೆ. ದೇವನ ಪಕ್ಷ ವಹಿಸಿದೆವೆಂದೇ ಅವರು ಭಾವಿಸಿದ್ದರು. ಆದರೆ ಕೊನೆಗೆ ದೇವನು ಗದರಿಸಿದ್ದು ಆ ಸ್ನೇಹಿತರನ್ನೇ!

ನಾವು ಒಂದು ಕ್ಷಣ ಆತ್ಮಾವಲೋಕನ ಮಾಡಿಕೊಳ್ಳೋಣ. ಪಕ್ಕದ ತೋಟ ಒಣಗಿದಾಗ ನಮ್ಮ ಬಾಯಿಂದ ಏನು ಬರುತ್ತದೆ? ‘ಝಕಾತ್ ಕೊಟ್ಟಿರಲಿಕ್ಕಿಲ್ಲ’, ‘ಯಾರೋ ಮಾಟ ಮಾಡಿಸಿರಬೇಕು.’ ಮೊದಲ ಮಾತು ಯೋಬರ ಸ್ನೇಹಿತರದು. ಎರಡನೆಯದು ಕೇಡಿಗೊಂದು ಬೇರೆ ಒಡೆಯನನ್ನು ಹುಡುಕುವ ಮಾತು. ಅದರಿಂದ ಎರಡು ಮನೆಗಳ ನಡುವೆ ಹಗೆ ಹುಟ್ಟುತ್ತದೆಯೇ ಹೊರತು ಒಂದು ಗರಿಯೂ ಚಿಗುರುವುದಿಲ್ಲ. ಸುಖವೂ ಕಷ್ಟವೂ ಪರೀಕ್ಷೆಯೆಂಬುದು ನಮ್ಮ ವಿಶ್ವಾಸ. ಆದರೆ ನೆರೆಯವನ ಕಷ್ಟದಲ್ಲಿ ನಮಗೂ ಒಂದು ಪರೀಕ್ಷೆ ಇರುತ್ತದೆ.

ಇಲ್ಲಿ ಇನ್ನೊಂದು ವಿಷಯವನ್ನು ಗಮನಿಸಬೇಕು. ಕೇಡಿನ ಮೂಲದ ಬಗ್ಗೆ ಬೇರೆಯಾದ ಈ ಎರಡು ಧರ್ಮಗಳು ಮರದ ಬುಡದಲ್ಲಿ ಒಂದಾಗುತ್ತವೆ. ಧಾನ್ಯ ಬಿತ್ತಿ, ಹಣ್ಣಿನ ಗಿಡ ನೆಟ್ಟ ನೆಲ ಸಂತೋಷಪಡುತ್ತದೆಂದು ಪಾರ್ಸಿಗಳ ವೆಂದಿದಾದ್ ಹೇಳುತ್ತದೆ. ಯುದ್ಧಕಾಲದಲ್ಲಿಯೂ ಫಲ ಕೊಡುವ ಮರವನ್ನು ಕಡಿಯಬಾರದೆಂದು ತೌರಾತ್ ವಿಧಿಸುತ್ತದೆ.

ಹ. ಸಲ್ಮಾನ್ ಫಾರ್ಸಿ(ರ) ಈ ಎರಡೂ ಸಮುದಾಯಗಳನ್ನು ಹತ್ತಿರದಿಂದ ಕಂಡವರು. ಇರಾನಿನಲ್ಲಿ ಅಗ್ನಿಯನ್ನು ಆರದಂತೆ ಕಾಯುತ್ತಿದ್ದ ಅವರು ಮುಂದೆ ಮದೀನಾದಲ್ಲಿ ಓರ್ವ ಯಹೂದಿಯ ಖರ್ಜೂರದ ತೋಟದಲ್ಲಿ ಗುಲಾಮರಾದರು. ಅವರ ಬಿಡುಗಡೆಗೆ ಚಿನ್ನದ ಜೊತೆಗೆ 300 ಖರ್ಜೂರದ ಸಸಿಗಳನ್ನು ನೆಟ್ಟುಕೊಡುವ ಕರಾರಾಯಿತು. ಸಹಾಬಿಗಳು ಕೈಲಾದಷ್ಟು ಸಸಿ ತಂದರು. ಪ್ರವಾದಿವರ್ಯರು(ಸ) ತಮ್ಮ ಕೈಯಾರೆ ನೆಟ್ಟರು. ಗುಲಾಮನಾದದ್ದು ಯಾವ ಪಾಪಕ್ಕೆಂದು ಅಲ್ಲಿ ಯಾರೂ ಕೇಳಲಿಲ್ಲ.

ಪವಿತ್ರ ಕುರ್‌ಆನ್ ಯಹೂದಿಯರನ್ನೂ ಮಜೂಸಿಗಳನ್ನೂ ಹೆಸರಿಸಿ, ಅಂತಿಮ ದಿನದಂದು ಎಲ್ಲರ ನಡುವೆ ತೀರ್ಪು ನೀಡುವವನು ಅಲ್ಲಾಹನು ಎಂದು ತಿಳಿಸಿದೆ (ಅಲ್‌ಹಜ್ಜ್: 17). ತೀರ್ಪು ಅವನದು. ನಮ್ಮ ಪಾಲಿಗೆ ಉಳಿದಿರುವುದು ಒಣಗಿದ ತೋಟದವನ ಮನೆಗೆ ಹೋಗಿ ಕೂತುಕೊಳ್ಳುವುದು, ಮಳೆ ಬಿದ್ದ ಮೇಲೆ ಅವನ ಜೊತೆ ಗುಂಡಿ ತೋಡುವುದು. ಹೋಗುವಾಗ ಉಪದೇಶವನ್ನು ಮನೆಯಲ್ಲೇ ಬಿಟ್ಟು, ಒಂದು ಸಸಿ ಒಯ್ಯೋಣ.